ಲೆಕ್ಕ ತಾಳೆಯಾದ್ರೆ ಸಾಕಾ? ಕಡಲ ತೀರದಲ್ಲಿ ಅಳತೆ ಕಲಿಯುವವರಿಗೆ ಒಂದಿಷ್ಟು ಮಾತು

(ಈ ವಾರದ ಸಂಚಿಕೆಯ ಅಕ್ಷರರೂಪ)

ಸ್ಟೇಟ್‌ಬ್ಯಾಂಕಿನಿಂದ ಸುರತ್ಕಲ್‌ಗೆ ಹೋಗುವ ಬಸ್ಸಲ್ಲಿ ನಿಂತುಕೊಂಡು ಕೇಳ್ತಾ ಇರೋರಿಗೂ, ಹಾಸ್ಟೆಲ್ ರೂಮಲ್ಲಿ ಇಯರ್‌ಫೋನ್ ಹಾಕ್ಕೊಂಡು ಮಲಗಿರೋರಿಗೂ ನಮಸ್ಕಾರ.

ಇವತ್ತು ಒಂದು ನಂಬರಿನಿಂದ ಶುರು ಮಾಡುವ. ಪಣಂಬೂರು ಬೀಚಲ್ಲಿ, ಅಲೆ ಬಂದು ಕಾಲಿಗೆ ತಾಗುವ ಜಾಗದಲ್ಲಿ ಒಬ್ಬ ಸ್ಟೂಡೆಂಟ್ ಜಿಪಿಎಸ್ ಯಂತ್ರ ಹಿಡಿದು ನಿಂತಿದ್ದಾನೆ ಅಂತಿಟ್ಟುಕೊಳ್ಳಿ. ಸಮುದ್ರ ಮಟ್ಟದಲ್ಲೇ ನಿಂತಿದ್ದಾನೆ. ಯಂತ್ರ ಎತ್ತರ ಎಷ್ಟು ತೋರಿಸ್ಬೇಕು? ಸೊನ್ನೆ ಅಲ್ವಾ? ತೋರಿಸುದು ಮೈನಸ್ 80 ಮೀಟರ್ ಆಸುಪಾಸು! ಅಂದ್ರೆ ಇಪ್ಪತ್ತೈದು ಮಹಡಿ ಬಿಲ್ಡಿಂಗಿನಷ್ಟು ನೀರಿನ ಕೆಳಗೆ ಇದ್ದಾನೆ ಅಂತ ಲೆಕ್ಕ.

ಯಂತ್ರ ಹಾಳಾಗಿದೆಯಾ? ಇಲ್ಲ. ಯಂತ್ರ ಸರಿಯಾಗೇ ಉಂಟು. ಅದು ಯಾವ ಸೊನ್ನೆಯಿಂದ ಅಳೀತಾ ಇದೆ ಅನ್ನೋದು ಆ ಹುಡುಗನಿಗೆ ಯಾರೂ ಹೇಳಿಲ್ಲ, ಅಷ್ಟೇ.

ಇವತ್ತಿನ ವಿಷಯ ಇದೇ. ನಮ್ಮ ಊರಿನ ವಿದ್ಯಾರ್ಥಿಗಳು ಅಳತೆಯ ಉಪಕರಣ, ನಕ್ಷೆಯ ಉಪಕರಣ ಬಳಸೋದು ಕಲೀತಾರಲ್ಲ, ಅವರು ನಿಜವಾಗಿ ಕಲಿಯಬೇಕಾದದ್ದು ಎಂತದ್ದು? ಬಟನ್ ಒತ್ತುವುದನ್ನಾ, ಅಥವಾ ಬಂದ ನಂಬರನ್ನು ಅನುಮಾನದಿಂದ ನೋಡುವುದನ್ನಾ?

ನಾನು ಬಿ.ಕಾಂ ಓದಿದವ. ಸರ್ವೆ ನನ್ನ ಸಬ್ಜೆಕ್ಟ್ ಅಲ್ಲ. ಆದರೆ ಲೆವೆಲಿಂಗ್ ಪುಸ್ತಕ ತೆರೆದು ನೋಡಿದಾಗ ನಂಗೆ ಅದು ಅಕೌಂಟೆನ್ಸಿ ಪುಸ್ತಕದ ಹಾಗೇ ಕಂಡಿತು. ಹಾಗಾಗಿ ಇವತ್ತು ನಾನು ನನ್ನ ಭಾಷೆಯಲ್ಲೇ ಹೇಳ್ತೇನೆ: ಓಪನಿಂಗ್ ಬ್ಯಾಲೆನ್ಸ್, ಟ್ರಯಲ್ ಬ್ಯಾಲೆನ್ಸ್, ಬ್ಯಾಂಕ್ ಪಾಸ್‌ಬುಕ್. ಕಾಮರ್ಸಿನವರಿಗೂ ಅರ್ಥ ಆಗ್ತದೆ, ಸಿವಿಲ್‌ನವರಿಗೂ ಬೇಜಾರಾಗ್ಲಿಕ್ಕಿಲ್ಲ.

ಮೊದಲು ಓಪನಿಂಗ್ ಬ್ಯಾಲೆನ್ಸ್.

ಮೈನಸ್ 80 ಎಲ್ಲಿಂದ ಬಂತು? ಜಿಪಿಎಸ್ ಉಪಗ್ರಹಗಳಿಗೆ ನಮ್ಮ ಸಮುದ್ರ ಗೊತ್ತಿಲ್ಲ. ಲೆಕ್ಕದ ಅನುಕೂಲಕ್ಕೆ ಭೂಮಿಯನ್ನು ನುಣುಪಾದ, ಸ್ವಲ್ಪ ಚಪ್ಪಟೆ ಮೊಟ್ಟೆ ಅಂತ ಊಹಿಸಿಕೊಂಡು, ಆ ಮೊಟ್ಟೆಯ ಮೇಲ್ಮೈಯಿಂದ ಎತ್ತರ ಹೇಳ್ತವೆ. ನಿಜವಾದ ಸಮುದ್ರ ಮಟ್ಟ ಆ ಮೊಟ್ಟೆಯ ಮೇಲೆ ಸರಿಯಾಗಿ ಕೂರುವುದಿಲ್ಲ. ಭೂಮಿಯ ಗುರುತ್ವ ಎಲ್ಲ ಕಡೆ ಒಂದೇ ಇಲ್ಲ, ಹಾಗಾಗಿ ನೀರು ಒಂದು ಕಡೆ ಉಬ್ಬಿರ್ತದೆ, ಇನ್ನೊಂದು ಕಡೆ ತಗ್ಗಿರ್ತದೆ. ಇಡೀ ಪ್ರಪಂಚದಲ್ಲಿ ಅತಿ ದೊಡ್ಡ ತಗ್ಗು ಇರುವುದು ನಮ್ಮ ಹಿಂದೂ ಮಹಾಸಾಗರದಲ್ಲೇ, ಶ್ರೀಲಂಕಾದ ದಕ್ಷಿಣಕ್ಕೆ. ಅಲ್ಲಿ ಸಮುದ್ರ ಮಟ್ಟ ಆ ಮೊಟ್ಟೆಗಿಂತ ಸುಮಾರು 106 ಮೀಟರ್ ಕೆಳಗೆ ಉಂಟು. ಆ ತಗ್ಗಿಗೆ ಕಾರಣ ಏನಿರಬಹುದು ಅಂತ 2023ರಲ್ಲಿ ಒಂದು ವಿವರಣೆ ಕೊಟ್ಟವರು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು. ಮಂಗಳೂರು ಆ ದೊಡ್ಡ ಬೋಗುಣಿಯ ಏರುಬದಿಯಲ್ಲಿ ಕೂತಿದೆ. ಕೆಲವು ಆ್ಯಪ್‌ಗಳು ಈ ವ್ಯತ್ಯಾಸವನ್ನು ತಾವೇ ತಿದ್ದಿ ತೋರಿಸ್ತವೆ, ಕೆಲವು ಇಲ್ಲ. ಯಾವುದು ಹಾಗೆ, ಯಾವುದು ಹೀಗೆ ಅಂತ ಗೊತ್ತಿಲ್ಲದೆ ಎರಡೂ ನಂಬರನ್ನು ಒಂದೇ ಕಾಲಮ್ಮಿನಲ್ಲಿ ಬರೆದರೆ ಕಥೆ ಮುಗೀತು.

ಹಾಗಾದ್ರೆ ಭಾರತದ ನಕ್ಷೆಗಳಲ್ಲಿ "ಸಮುದ್ರ ಮಟ್ಟದಿಂದ ಇಷ್ಟು ಮೀಟರ್" ಅಂತ ಬರೀತಾರಲ್ಲ, ಆ ಸೊನ್ನೆ ಯಾವುದು? ಬ್ರಿಟಿಷರ ಕಾಲದಲ್ಲಿ ಒಂಬತ್ತು ಬಂದರುಗಳಲ್ಲಿ ಕಡಲಿನ ಏರಿಳಿತವನ್ನು ಅಳೆದು, ಸರಾಸರಿ ತೆಗೆದು, ದೇಶದ ಲೆವೆಲಿಂಗ್ ಜಾಲವನ್ನು ಅದಕ್ಕೆ ಕಟ್ಟಿದರು. ಕರಾಚಿ, ಮುಂಬೈ, ಮದ್ರಾಸು ಎಲ್ಲ ಆ ಪಟ್ಟಿಯಲ್ಲಿ ಇವೆ. ಅದರಲ್ಲಿ ಒಂದು ನಮ್ಮ ಕಾರವಾರ. 1909ರಲ್ಲಿ ಲೆಕ್ಕ ಹಾಕಿದ ಆ ಮಟ್ಟದ ಮೇಲೆ ನಮ್ಮ ರೈಲ್ವೆ ಸ್ಟೇಷನ್ ಬೋರ್ಡುಗಳಲ್ಲಿ ಕಾಣುವ ಎತ್ತರಗಳು ನಿಂತಿವೆ. ಇದು ಓಪನಿಂಗ್ ಬ್ಯಾಲೆನ್ಸ್. ಕ್ಯಾಷ್‌ಬುಕ್ಕಿನಲ್ಲಿ ಮೊದಲ ಸಾಲು ತಪ್ಪಿದ್ರೆ ವರ್ಷವಿಡೀ ಎಷ್ಟು ಚೆಂದ ಬರೆದ್ರೂ ಕೊನೆಯ ಸಾಲು ತಪ್ಪೇ.

ಈಗ ಫೀಲ್ಡಿಗೆ ಬರುವ. ಮಂಗಳೂರಲ್ಲಿ ಅಳತೆ ಕಲಿಯುವವರಿಗೆ ಜಾಗಕ್ಕೆ ಬರ ಇಲ್ಲ ಮಾರಾಯ್ರೆ. ಸುರತ್ಕಲ್ಲಿನ ಎನ್‌ಐಟಿಕೆಗೆ ಕಡಲು ಅಂಗಳದ ಹಾಗೆ. ಅಲ್ಲಿ ಜಲಸಂಪನ್ಮೂಲ ಮತ್ತು ಸಾಗರ ಎಂಜಿನಿಯರಿಂಗ್ ವಿಭಾಗ ಉಂಟು. ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯದಲ್ಲಿ ಸಾಗರ ಭೂವಿಜ್ಞಾನ ಕಲಿಸ್ತಾರೆ. ಮೀನುಗಾರಿಕಾ ಕಾಲೇಜು 1969ರಲ್ಲಿ ಶುರುವಾದದ್ದು, ದೇಶದಲ್ಲೇ ಮೊದಲನೆಯದ್ದು. ನೇತ್ರಾವತಿ, ಫಲ್ಗುಣಿ ಎರಡು ನದಿಗಳು ಒಂದೇ ಅಳಿವೆಯಲ್ಲಿ ಕಡಲಿಗೆ ಸೇರ್ತವೆ. ಒಂದು ಬದಿ ಬೆಂಗ್ರೆ, ಇನ್ನೊಂದು ಬದಿ ಉಳ್ಳಾಲ. ಭೂಗೋಳದ ಪಾಠಪುಸ್ತಕವನ್ನೇ ನೆಲದ ಮೇಲೆ ಹಾಸಿಟ್ಟ ಹಾಗೆ.

ಅಲ್ಲಿ ಬಳಸುವ ಅತಿ ಹಳೆಯ, ಅತಿ ಸರಳ ಯಂತ್ರ ಲೆವೆಲ್. ಹಿಂದೆ ಡಂಪಿ ಲೆವೆಲ್, ಈಗ ಹೆಚ್ಚಾಗಿ ಆಟೋ ಲೆವೆಲ್. ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಒಂದು ದುರ್ಬೀನು, ನೇರ ಅಡ್ಡಕ್ಕೆ ನೋಡ್ತದೆ, ಅಷ್ಟೇ. ಇನ್ನೊಬ್ಬರು ಅಳತೆಪಟ್ಟಿ, ಅಂದ್ರೆ ಸ್ಟಾಫ್, ಹಿಡಿದು ನಿಲ್ತಾರೆ. ಎತ್ತರ ಗೊತ್ತಿರುವ ಒಂದು ಗುರುತಿಗೆ ಬೆಂಚ್‌ಮಾರ್ಕ್ ಅಂತಾರೆ. ಅದರ ಎತ್ತರ 5 ಮೀಟರ್ ಅಂತಿಟ್ಟುಕೊಳ್ಳಿ. ಅದರ ಮೇಲೆ ಸ್ಟಾಫ್ ಇಟ್ಟು ನೋಡಿದ್ರೆ 1.25 ಕಾಣ್ತದೆ. ಅಂದ್ರೆ ದುರ್ಬೀನಿನ ಕಣ್ಣು 6.25 ಮೀಟರಿನಲ್ಲಿ ಉಂಟು. ಈಗ ಸ್ಟಾಫ್ ಮುಂದಕ್ಕೆ, ಕಡಲಿನ ಕಡೆ ಹೋಗ್ತದೆ. ಅಲ್ಲಿ 1.80 ಕಾಣ್ತದೆ. 6.25ರಲ್ಲಿ 1.80 ಕಳೆದ್ರೆ 4.45. ಆ ಜಾಗದ ಎತ್ತರ ಸಿಕ್ಕಿತು. ಹಿಂದಕ್ಕೆ ನೋಡಿದ್ದು ಬ್ಯಾಕ್ ಸೈಟ್, ಮುಂದಕ್ಕೆ ನೋಡಿದ್ದು ಫೋರ್ ಸೈಟ್. ಒಂದು ಜಮೆ, ಒಂದು ಖರ್ಚು.

ಪುಟದ ಕೊನೆಯಲ್ಲಿ ಎಲ್ಲಾ ಬ್ಯಾಕ್ ಸೈಟ್ ಕೂಡಿಸಿ, ಎಲ್ಲಾ ಫೋರ್ ಸೈಟ್ ಕಳೀಬೇಕು. ಬಂದ ಉತ್ತರ ಕೊನೆಯ ಎತ್ತರಕ್ಕೂ ಮೊದಲ ಎತ್ತರಕ್ಕೂ ಇರುವ ವ್ಯತ್ಯಾಸಕ್ಕೆ ಸಮ ಆಗಬೇಕು. ನಮ್ಮ ಉದಾಹರಣೆಯಲ್ಲಿ ಎರಡೂ ಮೈನಸ್ 0.55. ತಾಳೆ ಆಯ್ತು. ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆದ ಖುಷಿ.

ಆದರೆ ಬಿ.ಕಾಂ ಫಸ್ಟ್ ಇಯರಿನಲ್ಲೇ ಒಂದು ಪ್ರಶ್ನೆ ಬರ್ತದೆ, ನೆನಪುಂಟಾ? ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆದ್ರೆ ಲೆಕ್ಕ ಎಲ್ಲ ಸರಿ ಅಂತ ಅರ್ಥವಾ? ಉತ್ತರ: ಅಲ್ಲ. ಕೂಡಿಸಿ ಕಳೆದದ್ದು ಸರಿ ಅಂತ ಮಾತ್ರ ಅರ್ಥ. ಬಿಲ್ಲನ್ನೇ ತಪ್ಪು ಓದಿ ಎರಡೂ ಕಡೆ ಅದನ್ನೇ ಬರೆದಿದ್ರೆ ಟ್ಯಾಲಿ ಆಗ್ತದೆ.

ಲೆವೆಲಿಂಗಿನಲ್ಲೂ ಸೇಮ್. 1.80 ಅನ್ನು 1.30 ಅಂತ ಓದಿದ್ರೂ ಪುಟದ ಕೊನೆಯ ಲೆಕ್ಕ ಚೊಕ್ಕ ತಾಳೆ ಆಗ್ತದೆ. ಅರ್ಧ ಮೀಟರ್ ತಪ್ಪು ಒಳಗೆ ಆರಾಮಾಗಿ ಕೂತಿರ್ತದೆ. ಅದನ್ನು ಹಿಡಿಯುವ ಒಂದು ದಾರಿ: ಅಳೆಯುತ್ತಾ ಹೋದವರು ಅಳೆಯುತ್ತಾ ವಾಪಸ್ ಬಂದು, ಶುರು ಮಾಡಿದ ಬೆಂಚ್‌ಮಾರ್ಕಿಗೇ ಸೇರಬೇಕು. 5 ಮೀಟರಿಂದ ಹೊರಟವರು 5 ಮೀಟರಿಗೇ ಬಂದ್ರಾ? ಕೆಲವು ಮಿಲಿಮೀಟರ್ ವ್ಯತ್ಯಾಸ ಇದ್ರೆ ಪರವಾಗಿಲ್ಲ, ಎಷ್ಟು ಒಪ್ಪಬಹುದು ಅಂತ ಲೆಕ್ಕ ಉಂಟು. ಜಾಸ್ತಿ ಬಂದ್ರೆ ಇನ್ನೊಮ್ಮೆ ಅಳೀಬೇಕು. ಇದು ನಮ್ಮ ಬ್ಯಾಂಕ್ ರೀಕನ್ಸಿಲಿಯೇಷನ್. ನಮ್ಮ ಪುಸ್ತಕ ಏನು ಹೇಳ್ತದೆ ಅಂತ ನೋಡಿದ್ರೆ ಸಾಲದು, ಪಾಸ್‌ಬುಕ್ ಏನು ಹೇಳ್ತದೆ ಅಂತಲೂ ನೋಡ್ಬೇಕು. ನೆಲವೇ ಪಾಸ್‌ಬುಕ್.

ಬಿಸಿಲಲ್ಲಿ ವಾಪಸ್ ಅಳೆಯುತ್ತಾ ಬರೋದು ಯಾರಿಗೂ ಇಷ್ಟ ಇಲ್ಲ. ಪ್ರಾಕ್ಟಿಕಲ್ ರೆಕಾರ್ಡಿಗೆ ಬೇಕಾದ ನಂಬರ್ ಸಿಕ್ಕಿದ ಮೇಲೆ ಮನಸ್ಸು ಕ್ಯಾಂಟೀನಿಗೆ ಹೋಗಿರ್ತದೆ. ಅಲ್ಲೇ ನೋಡಿ ಕಲಿಕೆ ಶುರುವಾಗುದು ಅಥವಾ ನಿಂತುಹೋಗುದು.

"ಅರ್ಧ ಮೀಟರ್ ತಪ್ಪಿದ್ರೆ ಎಂತ ಆಗ್ತದೆ ಬ್ರೋ?" ಅಂತ ಕೇಳಬಹುದು. ಜೋರು ಮಳೆ ಬಂದಾಗ ಕೊಟ್ಟಾರ ಚೌಕಿಯಲ್ಲಿ ನಿಂತು ನೋಡಿ. ನೀರಿಗೆ ಇಂಗ್ಲಿಷೂ ಗೊತ್ತಿಲ್ಲ, ಟೆಂಡರೂ ಗೊತ್ತಿಲ್ಲ, ಇಳಿಜಾರು ಮಾತ್ರ ಗೊತ್ತು. ಸಮತಟ್ಟಾದ ಜಾಗದಲ್ಲಿ ಒಂದು ಚರಂಡಿಗೆ ಸಾವಿರಕ್ಕೆ ಒಂದರ ಇಳಿಜಾರು ಕೊಡ್ತಾರೆ ಅಂತಿಟ್ಟುಕೊಳ್ಳಿ. ಅಂದ್ರೆ ನೂರು ಮೀಟರ್ ಉದ್ದಕ್ಕೆ ಇಳಿಯುವುದು ಬರೀ ಹತ್ತು ಸೆಂಟಿಮೀಟರ್. ಅಳತೆಯಲ್ಲಿ ಹತ್ತಕ್ಕಿಂತ ಹೆಚ್ಚು ತಪ್ಪಿದ್ರೆ ಚರಂಡಿ ಉಲ್ಟಾ ಹರೀತದೆ. ನಮ್ಮ ಫೋನಿನ ಜಿಪಿಎಸ್ ಒಳ್ಳೆ ತೆರೆದ ಆಕಾಶದ ಕೆಳಗೆ ಅಡ್ಡಕ್ಕೆ ಐದು ಮೀಟರ್ ಆಸುಪಾಸು ತಪ್ಪಬಹುದು, ಎತ್ತರದಲ್ಲಿ ಅದಕ್ಕಿಂತ ಹೆಚ್ಚು. ಹಾಗಾಗಿ ಫೋನ್ ಹಿಡಿದು ಚರಂಡಿಯ ಲೆವೆಲ್ ತೆಗೆಯಲಿಕ್ಕೆ ಆಗೋದಿಲ್ಲ. ಆ ಹಳೇ ಮೂರು ಕಾಲಿನ ಯಂತ್ರವೇ ಬೇಕು.

ಜಾಗದ ಲೆಕ್ಕವೂ ನೋಡಿ. ದಕ್ಷಿಣ ಕನ್ನಡದಲ್ಲಿ ನಾವು ಗುಂಟೆಗಿಂತ ಸೆಂಟ್ಸಿನಲ್ಲಿ ಮಾತಾಡೋರು, ಮದ್ರಾಸ್ ಪ್ರಾಂತ್ಯದ ಕಾಲದಿಂದ ಬಂದ ಅಭ್ಯಾಸ. ಒಂದು ಸೆಂಟ್ಸ್ ಅಂದ್ರೆ ಸುಮಾರು 40 ಚದರ ಮೀಟರ್. ಹತ್ತು ಮೀಟರ್ ಉದ್ದದ ಬೇಲಿ ಒಂದು ಮೀಟರ್ ಆಚೆ ಸರಿದ್ರೆ ಹತ್ತು ಚದರ ಮೀಟರ್, ಅಂದ್ರೆ ಕಾಲು ಸೆಂಟ್ಸ್ ಹೋಯ್ತು. ಮಂಗಳೂರಲ್ಲಿ ಕಾಲು ಸೆಂಟ್ಸಿನ ರೇಟು ಎಷ್ಟು ಅಂತ ನಾನು ಹೇಳ್ಬೇಕಾ? ಅಣ್ಣ-ತಮ್ಮ ಮಾತು ಬಿಡ್ಲಿಕ್ಕೆ ಅಷ್ಟು ಸಾಕು.

ಈಗ ಇವತ್ತಿನ ಸಂಚಿಕೆಯ ಮುಖ್ಯ ಜಾಗಕ್ಕೆ ಬಂದೆವು: ಕಡಲ ತೀರ.

ಉಳ್ಳಾಲ, ಸೋಮೇಶ್ವರ, ಉಚ್ಚಿಲ, ಬಟ್ಟಪ್ಪಾಡಿ. ಜೂನ್ ಬಂತು ಅಂದ್ರೆ ಈ ಹೆಸರುಗಳು ನ್ಯೂಸಿನಲ್ಲಿ. ಕಡಲ್ಕೊರೆತ. ತೆಂಗಿನ ಮರ ಬಿತ್ತು, ರಸ್ತೆ ಹೋಯ್ತು, ಮನೆಯ ಹಿಂದಿನ ಗೋಡೆ ಹೋಯ್ತು. ಅಳಿವೆಯ ತಡೆಗೋಡೆಯಿಂದ ಹೀಗಾಯ್ತು ಅಂತ ಕೆಲವರು, ಇಲ್ಲ ಮೊದಲಿಂದಲೂ ಇತ್ತು ಅಂತ ಕೆಲವರು. ಕಲ್ಲು ಹಾಕಿ ಅಂತ ಒಬ್ಬರು, ಹಾಕಿದ ಕಲ್ಲೇ ಕಡಲ ಪಾಲಾಗಿದೆ ಅಂತ ಇನ್ನೊಬ್ಬರು. ಈ ಜಗಳದಲ್ಲಿ ಎಲ್ಲರ ಹತ್ರ ಫೋಟೋ ಉಂಟು. ಒಂದೇ ಜಾಗದಲ್ಲಿ, ಒಂದೇ ರೀತಿಯಲ್ಲಿ, ತಿಂಗಳು ತಿಂಗಳು ಅಳೆದ ಲೆಕ್ಕ ಯಾರ ಹತ್ರ ಉಂಟು? ಊರವರ ಕೈಯಲ್ಲಂತೂ ಇರುವುದು ಅಪರೂಪ.

ತಿಂಗಳು ತಿಂಗಳು ಯಾಕೆ? ನಮ್ಮ ಬೀಚು ಉಸಿರಾಡ್ತದೆ. ಮಳೆಗಾಲದ ದೊಡ್ಡ ಅಲೆ ಮರಳನ್ನು ಎಳೆದುಕೊಂಡು ಹೋಗಿ ನೀರಿನೊಳಗೆ ದಿಬ್ಬ ಮಾಡಿ ಇಡ್ತದೆ. ಮಳೆ ಕಳೆದ ಮೇಲೆ ಸಣ್ಣ ಅಲೆಗಳು ಅದನ್ನು ನಿಧಾನಕ್ಕೆ ವಾಪಸ್ ತಂದು ಹಾಕ್ತವೆ. ಹಾಗಾಗಿ ಆಗಸ್ಟಿನಲ್ಲಿ ಅಳೆದವರು "ಬೀಚು ಹೋಯ್ತು" ಅಂತಾರೆ, ಫೆಬ್ರವರಿಯಲ್ಲಿ ಅಳೆದವರು "ಏನೂ ಆಗಿಲ್ಲ" ಅಂತಾರೆ. ಇಬ್ಬರ ಯಂತ್ರವೂ ಸರಿ, ಇಬ್ಬರ ಕೂಡಿಸು-ಕಳೆಯೂ ಸರಿ. ದೀಪಾವಳಿ ತಿಂಗಳ ಸೇಲ್ಸ್ ನೋಡಿ ವರ್ಷದ ಲಾಭ ಹೇಳಿದ ಹಾಗೆ. ಹೋದ ಮರಳು ಪೂರ್ತಿ ವಾಪಸ್ ಬಂತಾ ಅಂತ ಗೊತ್ತಾಗ್ಬೇಕಾದ್ರೆ ವರ್ಷವಿಡೀ, ಹಲವು ವರ್ಷ ಅಳೀಬೇಕು. ವಿಜ್ಞಾನಿಗಳು ಇದನ್ನು ಮರಳಿನ ಬಜೆಟ್ ಅಂತಲೇ ಕರೀತಾರೆ.

"ಸ್ಯಾಟಲೈಟ್ ಉಂಟಲ್ಲ?" ಉಂಟು. ತುಂಬಾ ಉಪಯೋಗವೂ ಉಂಟು. ಲ್ಯಾಂಡ್‌ಸ್ಯಾಟ್ 1972ರಿಂದ ಚಿತ್ರ ತೆಗೀತಾ ಇದೆ, ಯಾರು ಬೇಕಾದ್ರೂ ಉಚಿತವಾಗಿ ನೋಡಬಹುದು. ರಾಷ್ಟ್ರೀಯ ಕರಾವಳಿ ಸಂಶೋಧನಾ ಕೇಂದ್ರ 1990ರಿಂದ 2018ರವರೆಗಿನ ಉಪಗ್ರಹ ಚಿತ್ರಗಳನ್ನು ನೋಡಿ, ದೇಶದ ಮುಖ್ಯಭೂಮಿಯ ಕರಾವಳಿಯಲ್ಲಿ ಸುಮಾರು ಮೂರನೇ ಒಂದು ಭಾಗ ಕೊರೆತಕ್ಕೆ ಸಿಕ್ಕಿದೆ ಅಂತ ಹೇಳಿದೆ. ದೇಶದ ಲೆಕ್ಕಕ್ಕೆ ಅದು ಬೇಕೇ ಬೇಕು. ಆದರೆ ಲ್ಯಾಂಡ್‌ಸ್ಯಾಟಿನ ಒಂದು ಚುಕ್ಕೆ ಅಂದ್ರೆ 30 ಮೀಟರ್. ಸೆಂಟಿನೆಲ್-2ರ ಒಂದು ಚುಕ್ಕೆ 10 ಮೀಟರ್. ಆ ಒಂದು ಚುಕ್ಕೆಯೊಳಗೆ ಒಂದು ಮನೆ, ಬಾವಿ, ಎರಡು ತೆಂಗಿನ ಮರ ಎಲ್ಲ ಬಂದುಹೋಯ್ತು. ಆ ಮನೆಯಲ್ಲಿ ಇರೋರಿಗೆ ಅದು ಚುಕ್ಕೆ ಅಲ್ಲ.

ನಕ್ಷೆಯ ಗೆರೆಯ ದಪ್ಪ ಇನ್ನೊಂದು ವಿಷಯ. ಕರಾವಳಿ ನಿಯಂತ್ರಣ ವಲಯ, ಸಿಆರ್‌ಝಡ್ ಅಂತ ಕೇಳಿರ್ತೀರಿ. 2019ರ ಅಧಿಸೂಚನೆ ಪ್ರಕಾರ ಗ್ರಾಮೀಣ ಪ್ರದೇಶದಲ್ಲಿ ಉಬ್ಬರದ ಗೆರೆಯಿಂದ ಎಷ್ಟು ದೂರ ಕಟ್ಟಡ ಕಟ್ಟಬಾರದು ಅನ್ನೋದು ಜನಸಾಂದ್ರತೆ ಮೇಲೆ ಹೋಗ್ತದೆ. ಜನ ಹೆಚ್ಚಿರುವಲ್ಲಿ 50 ಮೀಟರ್, ಕಡಿಮೆ ಇರುವಲ್ಲಿ 200 ಮೀಟರ್. ಈಗ 1:25,000 ಅಳತೆಯ ನಕ್ಷೆ ತಗೊಳ್ಳಿ. ಅದರಲ್ಲಿ ಒಂದು ಮಿಲಿಮೀಟರ್ ಅಂದ್ರೆ ನೆಲದಲ್ಲಿ 25 ಮೀಟರ್. ಅರ್ಧ ಮಿಲಿಮೀಟರ್ ದಪ್ಪದ ಪೆನ್ನಿನ ಗೆರೆ ಹನ್ನೆರಡೂವರೆ ಮೀಟರ್ ನುಂಗಿತು. 1:4,000 ಅಳತೆಯ ಗ್ರಾಮ ನಕ್ಷೆಯಲ್ಲಿ ಅದೇ ಗೆರೆ ಎರಡು ಮೀಟರ್. ಗೆರೆ ಮನೆಯ ಆಚೆಯಾ ಈಚೆಯಾ ಅನ್ನೋದ್ರ ಮೇಲೆ ರಿಪೇರಿಗೆ ಪರ್ಮಿಷನ್, ಲೋನು ಎಲ್ಲ ನಿಂತಿರ್ತದೆ. ಅದಕ್ಕೇ ನಾನು ಹೇಳುದು, ನಕ್ಷೆ ಓದುವುದು ಎಂಜಿನಿಯರುಗಳ ಹವ್ಯಾಸ ಅಲ್ಲ, ಪಾಸ್‌ಬುಕ್ ಓದಿದ ಹಾಗೆ, ಎಲ್ಲರಿಗೂ ಬೇಕು.

ಸರಿ, ಯಂತ್ರ ಲಕ್ಷಗಟ್ಟಲೆ, ನಮ್ಮ ಕೈಗೆ ಸಿಗೋದಿಲ್ಲ ಅಂತೀರಾ? ಎರಡು ಕೋಲು, ಒಂದು ಹಗ್ಗ ಸಾಕು. ತಮಾಷೆ ಅಲ್ಲ. ಕೆ. ಒ. ಎಮೆರಿ ಅನ್ನುವ ಸಾಗರ ಭೂವಿಜ್ಞಾನಿ 1961ರಲ್ಲಿ ಬರೆದ ವಿಧಾನ. ಇವತ್ತಿಗೂ ಪ್ರಪಂಚದ ಎಷ್ಟೋ ಕಡೆ ಬಳಸ್ತಾರೆ.

ಒಂದೇ ಉದ್ದದ ಎರಡು ರೀಪು, ಒಂದೂವರೆ ಮೀಟರ್ ಇರಲಿ. ಎರಡಕ್ಕೂ ಮೇಲಿಂದ ಕೆಳಗೆ ಸೆಂಟಿಮೀಟರ್ ಗುರುತು ಹಾಕಿ. ನಡುವೆ ಎರಡು ಮೀಟರ್ ಹಗ್ಗ. ಒಬ್ಬರು ದಡದ ಕಡೆ, ಇನ್ನೊಬ್ಬರು ಕಡಲಿನ ಕಡೆ ಕೋಲನ್ನು ನೇರ ನಿಲ್ಲಿಸಿ. ದಡದ ಕಡೆಯವರು ಬಗ್ಗಿ, ಮುಂದಿನ ಕೋಲಿನ ತುದಿಯೂ ದೂರದ ಬಾನಂಚೂ ಒಂದೇ ಸಾಲಿಗೆ ಬರುವ ಹಾಗೆ ಕಣ್ಣು ಇಟ್ಟುಕೊಳ್ಳಬೇಕು. ಆ ಸಾಲು ನಿಮ್ಮ ಕೋಲಿನಲ್ಲಿ ಮೇಲಿಂದ ಎಷ್ಟು ಸೆಂಟಿಮೀಟರಿಗೆ ಬಂತೋ ಮರಳು ಅಷ್ಟು ಇಳಿದಿದೆ ಅಂತ. ಬರ್ಕೊಳ್ಳಿ. ಹಿಂದಿನ ಕೋಲು ಮುಂದಿನ ಕೋಲಿನ ಜಾಗಕ್ಕೆ, ಮುಂದಿನದ್ದು ಇನ್ನೂ ಮುಂದಕ್ಕೆ. ನೀರಿನ ತನಕ ಹೀಗೇ. ನೂರು ಮೀಟರ್ ಬೀಚಿಗೆ ಐವತ್ತು ಸಾಲು. ಎಕ್ಸೆಲ್ಲಿನಲ್ಲಿ ಹಾಕಿದ್ರೆ ಬೀಚಿನ ಇಳಿಜಾರಿನ ಗ್ರಾಫ್ ಬಂತು. ನಮ್ಮ ಪಡುಗಡಲಿನ ಬಾನಂಚೇ ಇಲ್ಲಿ ಲೆವೆಲ್ ಯಂತ್ರ. ಬಾಡಿಗೆ ಇಲ್ಲ.

ಶರತ್ತು ಮೂರು. ಒಂದು, ಪ್ರತಿ ಸಲ ಅದೇ ಗುರುತಿನಿಂದ ಶುರು ಮಾಡಬೇಕು. ಮೋರಿಯ ಕಾಂಕ್ರೀಟು, ಕಟ್ಟಡದ ಪಂಚಾಂಗ, ಹೀಗೆ ಕದಲದ್ದು ಏನಾದ್ರೂ ಇರಲಿ. ತೆಂಗಿನ ಮರ ಬೇಡ, ಮುಂದಿನ ಮಳೆಗೆ ಅದು ಇರ್ತದೋ ಇಲ್ವೋ. ಎರಡು, ಇಳಿತದ ಹೊತ್ತಿಗೆ ಹೋಗಬೇಕು, ದಿನ ಮತ್ತು ಗಂಟೆ ಬರೀಬೇಕು. ನಮ್ಮಲ್ಲಿ ದಿನಕ್ಕೆ ಎರಡು ಉಬ್ಬರ ಎರಡು ಇಳಿತ, ಸಮಯ ದಿನಾ ಬದಲಾಗ್ತದೆ. ಮೂರು, ಮಳೆಗಾಲದಲ್ಲಿ ಕೆಂಪು ಬಾವುಟ ಇದ್ದಾಗ, ಅಲೆ ಜೋರಿದ್ದಾಗ ಇಳಿಯಲೇ ಬೇಡಿ. ಅಳತೆ ಮುಂದಿನ ವಾರಕ್ಕೆ ಹಾಕಬಹುದು.

ಕೋಲು ಹಿಡಿಯುವವರ ಬಗ್ಗೆ ಒಂದು ಮಾತು. ಯಂತ್ರದ ಲೆವೆಲಿಂಗಿನಲ್ಲೂ ಸ್ಟಾಫ್ ಓರೆಯಾದ್ರೆ ಅಂಕಿ ಯಾವಾಗಲೂ ಹೆಚ್ಚೇ ತೋರಿಸ್ತದೆ, ಕಡಿಮೆ ಅಲ್ಲ. ಅದಕ್ಕೇ ಅನುಭವಿಗಳು ಸ್ಟಾಫನ್ನು ನಿಧಾನ ಹಿಂದೆ ಮುಂದೆ ತೂಗಿಸಿ, ಕಾಣುವ ಅತಿ ಕಡಿಮೆ ಅಂಕಿ ಬರ್ಕೊಳ್ತಾರೆ. ಅಂದ್ರೆ ದುರ್ಬೀನಿನಲ್ಲಿ ನೋಡುವವರು ಎಷ್ಟೇ ಬುದ್ಧಿವಂತರಾದ್ರೂ ಕೋಲು ಹಿಡಿದವರ ಕೈಯಲ್ಲಿ ಉತ್ತರ ಉಂಟು. ಆದರೆ ಹಲವು ಕಡೆ ಪ್ರಾಕ್ಟಿಕಲ್ ಹೇಗೆ ನಡೀತದೆ? ಯಂತ್ರ ಒಂದು, ಮಕ್ಕಳು ಹದಿನೈದು. ಒಬ್ಬ ನೋಡ್ತಾನೆ, ಒಬ್ಬ ಕೊಡೆ ಹಿಡೀತಾನೆ, ಉಳಿದವರು ಕಾಪಿ ಮಾಡ್ತಾರೆ. ಅಕ್ಷರ ಚೆಂದ ಅಂತ ಹುಡುಗಿಯರ ಕೈಗೆ ಪುಸ್ತಕ. ಮೂರು ವರ್ಷ ಕಳೆದ್ರೂ ಟ್ರೈಪಾಡಿನ ಸ್ಕ್ರೂ ಮುಟ್ಟದವರು ಇದ್ದಾರೆ. ಇದು ಬದಲಾಗ್ಲಿಕ್ಕೆ ದುಡ್ಡು ಬೇಡ. ನೋಡುದು, ಬರೆಯುದು, ಕೋಲು ಹಿಡಿಯುದು, ಊರವರ ಹತ್ರ ಮಾತಾಡುದು, ಈ ನಾಲ್ಕು ಕೆಲಸ ಎಲ್ಲರಿಗೂ ಸುತ್ತಿ ಬರಬೇಕು. ಅಷ್ಟೇ.

ಇನ್ನೊಂದು ರೋಗ ಉಂಟು: ಯಂತ್ರ ಬಿದ್ರೆ ಅಂತ ಹೆದರಿ ಕಪಾಟಿನಲ್ಲಿ ಇಡುವುದು. ಅದಕ್ಕೊಂದು ಕಥೆ. ವಿಲಿಯಂ ಲ್ಯಾಂಬ್ಟನ್ ಅಂತ ಒಬ್ಬ ಅಧಿಕಾರಿ, 1799ರ ಶ್ರೀರಂಗಪಟ್ಟಣದ ಯುದ್ಧದಲ್ಲಿ ಇದ್ದವ. ಆಮೇಲೆ ತ್ರಿಕೋನಗಳ ಲೆಕ್ಕದಲ್ಲಿ ಮದ್ರಾಸಿನ ಕರಾವಳಿಯಿಂದ ನಮ್ಮ ಮಂಗಳೂರಿನ ಕರಾವಳಿಯವರೆಗೆ ಅಳೆದ. ಆಗಿನ ನಕ್ಷೆಗಳು ಹೇಳ್ತಾ ಇದ್ದದ್ದಕ್ಕಿಂತ ಈ ಅಗಲ ಸುಮಾರು 40 ಮೈಲಿ ಕಡಿಮೆ ಅಂತ ಗೊತ್ತಾಯ್ತು! ಅವನ ಥಿಯೋಡೊಲೈಟ್ ಅರ್ಧ ಟನ್ ತೂಕದ್ದು. 1808ರಲ್ಲಿ ತಂಜಾವೂರಿನ ದೇವಸ್ಥಾನದ ಗೋಪುರಕ್ಕೆ ಏರಿಸುವಾಗ ಹಗ್ಗ ತುಂಡಾಗಿ ಗೋಡೆಗೆ ಬಡಿಯಿತು. ಅವನು ವಾರಗಟ್ಟಲೆ ಕೂತು, ಬಗ್ಗಿದ ಚಕ್ರವನ್ನು ತಾನೇ ತಟ್ಟಿ ತಟ್ಟಿ ಸರಿ ಮಾಡಿ ಮತ್ತೆ ಕೆಲಸಕ್ಕೆ ಹೊರಟ. ಬಳಸಿದ ಯಂತ್ರ ಒಮ್ಮೆ ಬೀಳ್ತದೆ. ಕಪಾಟಿನಲ್ಲಿ ಇಟ್ಟ ಯಂತ್ರಕ್ಕೆ ಫಂಗಸ್ ಹಿಡೀತದೆ. ನಮ್ಮ ಮಂಗಳೂರಿನ ಹವೆಗೆ ಎರಡನೆಯದ್ದು ಬೇಗ.

ಹೊಸ ಯಂತ್ರಗಳಿಗೂ ಕಣ್ಣಿಗೆ ಕಾಣದ್ದು ಉಂಟು. 2024ರ ಜುಲೈ 16ಕ್ಕೆ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದದ್ದು ನಮಗೆಲ್ಲ ನೆನಪುಂಟು. ರಾಡಾರ್, ಸೋನಾರ್, ಡ್ರೋನ್ ಎಲ್ಲ ಬಂತು. ಗಂಗಾವಳಿ ಹೊಳೆಯೊಳಗೆ ಇದ್ದ ಲಾರಿ ಸಿಕ್ಕಿದ್ದು ಸೆಪ್ಟೆಂಬರ್ 25ಕ್ಕೆ, ಹೂಳೆತ್ತುವ ಡ್ರೆಜ್ಜರ್ ಬಂದ ಮೇಲೆ. ನೆಲದೊಳಗೆ ನೋಡುವ ರಾಡಾರಿನ ಅಲೆಗಳನ್ನು ಒದ್ದೆ ಜೇಡಿಮಣ್ಣು ಹೀರಿಕೊಳ್ತದೆ, ಅದು ಭೌತಶಾಸ್ತ್ರ. ಯಂತ್ರವನ್ನು ಬೈದು ಪ್ರಯೋಜನ ಇಲ್ಲ. ಯಾವ ಮಣ್ಣಿನಲ್ಲಿ, ಯಾವ ನೀರಿನಲ್ಲಿ ಯಾವ ಯಂತ್ರ ಕುರುಡು ಅಂತ ಮೊದಲೇ ಗೊತ್ತಿರಬೇಕು. ಅದನ್ನು ಕಲಿಸುವ ಜಾಗ ಕ್ಲಾಸ್‌ರೂಮು, ದುರಂತದ ಜಾಗ ಅಲ್ಲ.

ಡ್ರೋನ್ ಬಗ್ಗೆ ತುಂಬಾ ಜನ ಮೆಸೇಜ್ ಮಾಡಿದ್ದೀರಿ. ಡ್ರೋನ್ ಚೆಂದದ ಚಿತ್ರ ಕೊಡ್ತದೆ, ಆದರೆ ಆ ಚಿತ್ರ ನಕ್ಷೆ ಆಗ್ಬೇಕಾದ್ರೆ ಅದು ನೆಲಕ್ಕೆ ಕಟ್ಟಿರಬೇಕು. ಸಾಮಾನ್ಯವಾಗಿ ನೆಲದ ಮೇಲೆ ಗುರುತು ಹಾಕಿ, ಅವುಗಳ ಜಾಗವನ್ನು ಸೆಂಟಿಮೀಟರ್ ಲೆಕ್ಕದಲ್ಲಿ ಅಳೆದಿರ್ತಾರೆ. ಮತ್ತೆ ಬಂತು ನೋಡಿ, ಬೆಂಚ್‌ಮಾರ್ಕ್. 2021ರ ಡ್ರೋನ್ ನಿಯಮ ಉಂಟು. ಏರ್‌ಪೋರ್ಟ್, ಬಂದರು ಎರಡೂ ಇರುವ ನಮ್ಮಂಥ ಊರಲ್ಲಿ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ವಲಯ ನೋಡದೆ ಹಾರಿಸಬೇಡಿ.

ಒಳ್ಳೆ ಸುದ್ದಿಯೂ ಉಂಟು. 2021ರ ಫೆಬ್ರವರಿ 15ರ ಮಾರ್ಗಸೂಚಿ ಬಂದ ಮೇಲೆ ಭಾರತೀಯರು ನಕ್ಷೆ ತಯಾರಿಸಲಿಕ್ಕೆ ಮುಂಚಿನ ಹಾಗೆ ಒಂದೊಂದಕ್ಕೂ ಪೂರ್ವಾನುಮತಿ ಕೇಳುವ ರಗಳೆ ಹೋಗಿದೆ. ಕೆಲವು ಸೂಕ್ಷ್ಮ ವಿಷಯಗಳಿಗೆ ಮಾತ್ರ ನಿರ್ಬಂಧ ಉಳಿದಿದೆ. ಕ್ಯೂಜಿಐಎಸ್ ಉಚಿತ. ಇಸ್ರೋದ ಭುವನ್ ಉಚಿತ. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ನಿಮ್ಮ ಓಣಿಯನ್ನು ನೀವೇ ಕನ್ನಡದಲ್ಲಿ ಹೆಸರಿಟ್ಟು ಸೇರಿಸಬಹುದು. ನಮ್ಮ ರಾಜ್ಯದ ಸರ್ವೆ ಇಲಾಖೆಯೂ ಸರಪಳಿ ಬಿಟ್ಟು ರೋವರ್ ಯಂತ್ರಕ್ಕೆ ಬರ್ತಾ ಇದೆ. ಅಂದ್ರೆ ಕೆಲಸ ಉಂಟು. ಆದರೆ ಬಟನ್ ಒತ್ತುವ ಕೆಲಸವನ್ನು ನಾಳೆ ಯಂತ್ರವೇ ಮಾಡ್ತದೆ. "ಈ ನಂಬರ್ ಯಾಕೋ ಸರಿ ಇಲ್ಲ" ಅಂತ ಹೇಳುವವರಿಗೆ ಡಿಮ್ಯಾಂಡ್.

ಕೊನೆಗೆ, ಫೀಲ್ಡಿಗೆ ಹೋದಾಗ ಯಂತ್ರದ ಜೊತೆ ಕಿವಿಯನ್ನೂ ತಗೊಂಡು ಹೋಗಿ. ಬೀಚಿನ ಪಕ್ಕದ ಮನೆಯ ಅಜ್ಜಿಯ ಹತ್ರ "ಅಜ್ಜಿ, ಮೊದಲು ನಿಮ್ಮ ಬಾವಿ ಎಲ್ಲಿತ್ತು?" ಅಂತ ಕೇಳಿ. ಅವರು ನೀರಿನ ಕಡೆ ಕೈ ತೋರಿಸ್ತಾರಾ ನೋಡಿ. ಮೀನಿಗೆ ಹೋಗುವವರ ಹತ್ರ ದಿಬ್ಬ ಎಲ್ಲಿ ಬಿದ್ದಿದೆ ಅಂತ ಕೇಳಿ. ಅದೂ ಡೇಟಾ. ಅವರ ಮಾತನ್ನು ಬರ್ಕೊಂಡು, ಅಳತೆಯ ಜೊತೆ ಇಟ್ಟು ನೋಡಿ. ಎರಡೂ ಹೊಂದಿದ್ರೆ ನಿಮ್ಮ ಲೆಕ್ಕಕ್ಕೆ ಬಲ. ಹೊಂದದಿದ್ರೆ ಇನ್ನೊಮ್ಮೆ ಅಳೆಯಿರಿ, ಇನ್ನೊಮ್ಮೆ ಕೇಳಿ. ಒಂದು ಮರ್ಯಾದೆ ಇರಲಿ: ಅವರ ಮನೆಯ ಫೋಟೋ, ಜಾಗದ ಗುರುತು ಅವರನ್ನು ಕೇಳದೆ ಸ್ಟೇಟಸ್‌ಗೆ ಹಾಕಬೇಡಿ. ಅಳೆದು ಮುಗಿದ ಮೇಲೆ ಒಂದು ಪ್ರತಿ ಅವರಿಗೂ ಕೊಡಿ. ಅವರ ಅಂಗಳದಲ್ಲಿ ಅಳೆದ ಲೆಕ್ಕ ನಿಮ್ಮ ಇಂಟರ್ನಲ್ ಮಾರ್ಕ್ಸಿಗೆ ಮಾತ್ರ ಅಲ್ಲ. ನಾಳೆ ಯಾರೋ ಕಚೇರಿಯಲ್ಲಿ "ಇಲ್ಲಿ ಕೊರೆತವೇ ಇಲ್ಲ" ಅಂದ್ರೆ, ಅವರು ಮೇಜಿನ ಮೇಲೆ ಇಡಬಹುದಾದ ಕಾಗದ ಅದು. ಆ ಕಾಗದದ ಮೊದಲ ಸಾಲಿನಲ್ಲಿ ಬೆಂಚ್‌ಮಾರ್ಕ್ ಯಾವುದು, ಕೊನೆಯ ಸಾಲಿನಲ್ಲಿ ವಾಪಸ್ ಬಂದಾಗ ಎಷ್ಟು ವ್ಯತ್ಯಾಸ ಅಂತ ಬರೆದಿದ್ರೆ, ಅದನ್ನು ಸುಮ್ಮನೆ ತಳ್ಳಿಹಾಕುವುದು ಕಷ್ಟ.

ನಿಮ್ಮ ಕಾಲೇಜಿನಲ್ಲಿ ಯಾರಾದ್ರೂ ನಾಲ್ಕು ಜನ ಸೇರಿ ಒಂದು ಬೀಚು ಆರಿಸಿ, ಈ ಅಕ್ಟೋಬರಿನಿಂದ ತಿಂಗಳಿಗೊಂದು ಸಲ ಎರಡು ಕೋಲು ಹಿಡಿದು ಹೋಗ್ತೀರಿ ಅಂತಾದ್ರೆ ನಂಗೊಂದು ಮೆಸೇಜ್ ಹಾಕಿ. ಹಗ್ಗ ನನ್ನದು. ಮುಂದಿನ ವಾರ ಸಿಗುವ. ನಮಸ್ಕಾರ.